ಸಾಕಿದ ಆಮೆ, ಹಾವು, ಇಗ್ವಾನಾ ತೀರಿಕೊಂಡಾಗ: ದೇಹವನ್ನು ಉಳಿಸಿಕೊಳ್ಳುವ ಬಗೆ

"ಹತ್ತು ವರ್ಷ ಸಾಕಿದ ಆಮೆ ಬೆಳಿಗ್ಗೆ ನೋಡಿದರೆ ಅಲ್ಲಾಡುತ್ತಿಲ್ಲ. ಚಿಪ್ಪನ್ನಾದರೂ ಇಟ್ಟುಕೊಳ್ಳಬಹುದೇ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಾಣಿಯೂ ಬೇರೆ ಬೇರೆ. ಒಮ್ಮೆ ಕೆಂಪುಗಿವಿಯ ಆಮೆ, ಇನ್ನೊಮ್ಮೆ ಬಾಲ್ ಪೈಥಾನ್ ಎಂಬ ವಿದೇಶಿ ಹೆಬ್ಬಾವು, ಮತ್ತೊಮ್ಮೆ ಹಸಿರು ಇಗ್ವಾನಾ ಎಂಬ ದೊಡ್ಡ ಹಲ್ಲಿ. ಆದರೆ ಪ್ರಶ್ನೆಯ ಹಿಂದಿನ ಗಾಬರಿ ಒಂದೇ: ದೇಹ ಕೆಡುವುದರೊಳಗೆ ಏನಾದರೂ ಮಾಡಬೇಕು, ಏನು ಮಾಡಬೇಕೆಂದು ಗೊತ್ತಿಲ್ಲ.

ನಾಯಿ, ಬೆಕ್ಕು ಸತ್ತರೆ ದಾರಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಸರೀಸೃಪ ಸಾಕಿದವರಿಗೆ ಮಾತ್ರ "ಹಾವು ಸತ್ತಿದ್ದಕ್ಕೂ ಅಳುತ್ತೀರಾ" ಎಂಬ ಮಾತು ಕೇಳಿಸುತ್ತದೆ. ದಾರಿಯಲ್ಲಿ ಸತ್ತು ಬಿದ್ದ ನಾಗರಹಾವಿಗೆ ಹಾಲು ತುಪ್ಪ ಎರೆದು ಸಂಸ್ಕಾರ ಮಾಡುವ ನಾಡು ನಮ್ಮದು. ಕೈಯಾರೆ ಉಣಿಸಿ ಬೆಳೆಸಿದ ಜೀವಕ್ಕೆ ಅಳುವುದರಲ್ಲಿ ನಾಚಿಕೆಪಡಬೇಕಾದ್ದು ಏನೂ ಇಲ್ಲ.

ಮುಂದಿನದೆಲ್ಲ ಮರೆತರೂ ಈ ಒಂದು ಮಾತು ನೆನಪಿಟ್ಟುಕೊಳ್ಳಿ: ಸತ್ತದ್ದು ಖಚಿತವಾದೊಡನೆ ಮೊದಲು ತಂಪು ಮಾಡಿ, ತೀರ್ಮಾನ ಆಮೇಲೆ. ಫ್ರೀಜರಿಗೆ ಸೇರಿದ ದೇಹ ನಿಮಗೆ ತಿಂಗಳುಗಟ್ಟಲೆ ಸಮಯ ಕೊಡುತ್ತದೆ. ಹೂಳುವುದು, ಸುಡುವುದು, ಕೊಯ್ಯುವುದು, ಇವನ್ನು ಒಮ್ಮೆ ಮಾಡಿದರೆ ಹಿಂದಕ್ಕೆ ಬರಲಾಗದು. ಅಂಥ ಕೆಲಸಕ್ಕೆ ಮೊದಲ ದಿನವೇ ಕೈಹಾಕಬೇಡಿ.

ಹಂತ 1: ನಿಜವಾಗಿಯೂ ಸತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ

ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ಆದರೂ ಬಿಡುವಂತಿಲ್ಲ. ಸರೀಸೃಪಗಳ ಮೈಬಿಸಿ ಸುತ್ತಲಿನ ಗಾಳಿ, ನೀರನ್ನು ಅವಲಂಬಿಸಿರುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನೀರನ್ನು ಬಿಸಿ ಮಾಡುವ ಹೀಟರ್ ಕೆಟ್ಟರೆ ಸಾಕು, ಕೆಂಪುಗಿವಿಯ ಆಮೆ ಮರದ ಕೊರಡಿನಂತೆ ಬಿದ್ದಿರಬಹುದು. ಉಸಿರಾಟ ಕಣ್ಣಿಗೆ ಕಾಣುವುದಿಲ್ಲ, ಕಾಲೆಳೆದರೂ ಮಿಸುಕುವುದಿಲ್ಲ. ತಣ್ಣಗಿರುವ ಆಮೆ ಗಂಟೆಗಟ್ಟಲೆ ಉಸಿರಾಡದೆ ಬದುಕಿರಬಲ್ಲದು.

ಇದಕ್ಕೆ ತದ್ವಿರುದ್ಧವಾದ ಗೊಂದಲವೂ ಉಂಟು. ಸರೀಸೃಪದ ಹೃದಯ, ಪ್ರಾಣ ಹೋದ ಮೇಲೂ ಬಹಳ ಹೊತ್ತು ಮಿಡಿಯುತ್ತಿರಬಹುದು. ಹಾಗಾಗಿ ಅಲ್ಲಾಡಲಿಲ್ಲ ಎಂದು ಸತ್ತಿದೆ ಎನ್ನುವಂತಿಲ್ಲ, ಎದೆ ಮಿಡಿಯಿತು ಎಂದು ಬದುಕಿದೆ ಎನ್ನುವಂತೆಯೂ ಇಲ್ಲ.

ಮಾಡಬೇಕಾದ್ದು ಇಷ್ಟು. ಆಮೆಯಾದರೆ ನೀರಿನಿಂದ ಹೊರತೆಗೆದು, ತಲೆ ತುಸು ತಗ್ಗಿರುವಂತೆ ಒಣಬಟ್ಟೆಯ ಮೇಲೆ ಮಲಗಿಸಿ. ಕೋಣೆಯ ಬಿಸಿಯನ್ನು ನಿಧಾನವಾಗಿ 27-28 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಬಿಸಿನೀರಿಗೆ ಹಾಕುವುದು, ಉರಿಬಿಸಿಲಿಗೆ ಇಡುವುದು ಬೇಡವೇ ಬೇಡ. ಒದ್ದೆ ಹತ್ತಿಯಿಂದ ಕಣ್ಣಿನ ಅಂಚನ್ನು ಮೆಲ್ಲಗೆ ಮುಟ್ಟಿ, ಬಾಲದ ಬುಡವನ್ನು ಮುಟ್ಟಿ, ಸೆಳೆತ ಇದೆಯೇ ನೋಡಿ. ಸಾಧ್ಯವಾದರೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಿರಿ. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ ಅವರು ಪರೀಕ್ಷಿಸುತ್ತಾರೆ. ವೈದ್ಯರು ಸಿಗದಿದ್ದರೆ ಬೆಚ್ಚಗಿನ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಕಾಯಿರಿ. ಕಣ್ಣುಗುಡ್ಡೆ ಕುಸಿಯುವುದು, ಮೈ ಸೆಟೆದು ಮತ್ತೆ ಸಡಿಲವಾಗುವುದು, ಹೊಟ್ಟೆಯ ಚರ್ಮ ಹಸಿರುಗಟ್ಟುವುದು, ವಾಸನೆ: ಇವು ಬಂದವೆಂದರೆ ಸಂಶಯ ಉಳಿಯುವುದಿಲ್ಲ.

ಸಂಶಯ ಎಳ್ಳಷ್ಟು ಇದ್ದರೂ ಫ್ರೀಜರಿಗೆ ಇಡಬೇಡಿ. ಜೀವವಿರುವ ಪ್ರಾಣಿಯನ್ನು ಹೆಪ್ಪುಗಟ್ಟಿಸುವುದು ನೋವಿಲ್ಲದ ಸಾವಲ್ಲ.

ಹಂತ 2: ತಂಪು ಮಾಡುವ ಮೊದಲು ಅರ್ಧ ಗಂಟೆ

ಕೈಗವಸು ಹಾಕಿಕೊಳ್ಳಿ. ಆರೋಗ್ಯವಂತ ಸರೀಸೃಪದ ಕರುಳಿನಲ್ಲೂ ಸಾಲ್ಮೊನೆಲ್ಲಾ ಇರುತ್ತದೆ. ಮನುಷ್ಯರಿಗೆ ವಾಂತಿ ಭೇದಿ, ಜ್ವರ ತರುವ ಬ್ಯಾಕ್ಟೀರಿಯಾ ಇದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಈ ಕೆಲಸದಿಂದ ದೂರವಿರಲಿ. ಅಡುಗೆಮನೆಯ ಸಿಂಕು, ಚಾಕು, ಪಾತ್ರೆ ಯಾವುದನ್ನೂ ಬಳಸಬೇಡಿ.

ದೇಹವನ್ನು ತಣ್ಣೀರಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಒರೆಸಿ. ಮೇಲಿನಿಂದ, ಬದಿಯಿಂದ, ಹೊಟ್ಟೆಯ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಬಣ್ಣ ಮೊದಲು ಹೋಗುತ್ತದೆ. ಆಮೆಯ ಕಿವಿಯ ಬಳಿಯ ಆ ಕೆಂಪು ಪಟ್ಟಿ ಮುಂದೆ ಯಾವ ವಿಧಾನದಲ್ಲೂ ಉಳಿಯುವುದಿಲ್ಲ.

ಆಮೆಯ ಚಿಪ್ಪಿನ ಮೇಲೆ ತೆಳುವಾದ ಕಾಗದ ಹರಡಿ, ಮೆದು ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆಯೇ. ಫಲಕಗಳ ಅಂಚು, ಬೆಳವಣಿಗೆಯ ಗೆರೆಗಳು, ಎಂದೋ ಬಿದ್ದು ಆದ ಗಾಯದ ಗುರುತು ಎಲ್ಲ ಕಾಗದದ ಮೇಲೆ ಏಳುತ್ತವೆ. ಇಗ್ವಾನಾದ ಪಾದವನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಒತ್ತಿ, ಆ ಗುರುತಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಪಾದದಚ್ಚು ಸಿಗುತ್ತದೆ. ಅನೇಕರಿಗೆ ಇಷ್ಟರಲ್ಲೇ ಮನಸ್ಸು ತುಂಬುತ್ತದೆ, ದೇಹವನ್ನು ಉಳಿಸಿಕೊಳ್ಳುವ ಹಂಬಲ ತಾನಾಗಿ ಇಳಿಯುತ್ತದೆ.

ಆಮೇಲೆ ಒದ್ದೆ ಕಾಗದದ ಟವೆಲಿನಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಒದ್ದೆ ಕಾಗದ ಇಲ್ಲದಿದ್ದರೆ ಫ್ರೀಜರಿನ ಒಣಗಾಳಿ ಬೆರಳು, ಬಾಲದ ತುದಿಗಳನ್ನು ಸುಕ್ಕುಗಟ್ಟಿಸುತ್ತದೆ. ಹಾವನ್ನು ಈಗಲೇ ಸುರುಳಿ ಸುತ್ತಿಡಿ, ಹೆಪ್ಪುಗಟ್ಟಿದ ಮೇಲೆ ಬಗ್ಗುವುದಿಲ್ಲ. ಡಬ್ಬಿಯ ಮೇಲೆ ಹೆಸರು, ದಿನಾಂಕ ಬರೆದು ಮನೆಯವರಿಗೆಲ್ಲ ತಿಳಿಸಿ.

ಫ್ರಿಜ್ಜಿನ ಕೆಳಭಾಗದಲ್ಲಿ, ಅಂದರೆ 4 ಡಿಗ್ರಿಯಲ್ಲಿ, ಒಂದೆರಡು ದಿನ ಇಡಬಹುದು. ಫ್ರೀಜರಿನಲ್ಲಿ, ಅಂದರೆ ಮೈನಸ್ 18ರಲ್ಲಿ, ತಿಂಗಳುಗಟ್ಟಲೆ. ಎರಡರಲ್ಲಿ ಯಾವುದು ಎಂಬುದು ಮುಂದಿನ ಹಂತವನ್ನು ಅವಲಂಬಿಸಿದೆ.

ಹಂತ 3: ಸಾವಿನ ಕಾರಣ ತಿಳಿಯಬೇಕೇ?

ಮನೆಯಲ್ಲಿ ಬೇರೆ ಸರೀಸೃಪಗಳಿದ್ದರೆ ನನ್ನ ಸಲಹೆ ಒಂದೇ: ಮರಣೋತ್ತರ ಪರೀಕ್ಷೆ ಮಾಡಿಸಿ. ಸೋಂಕಿನಿಂದ ಸತ್ತಿದ್ದರೆ ಉಳಿದವನ್ನು ಕಾಪಾಡಿಕೊಳ್ಳಲು ಅದೊಂದೇ ದಾರಿ. ಪರೀಕ್ಷೆ ಮಾಡಿಸುವುದಾದರೆ ದೇಹವನ್ನು ಹೆಪ್ಪುಗಟ್ಟಿಸಬೇಡಿ. ಹಿಮದ ಹರಳುಗಳು ಜೀವಕೋಶಗಳನ್ನು ಒಡೆಯುತ್ತವೆ, ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಿದಾಗ ರೋಗದ ಗುರುತೂ ಹಿಮದ ಹಾನಿಯೂ ಕಲಸಿಹೋಗುತ್ತವೆ. ಫ್ರಿಜ್ಜಿನಲ್ಲಿಟ್ಟು, ಮಂಜುಗಡ್ಡೆಯ ಪೊಟ್ಟಣದ ಜೊತೆ ಅದೇ ದಿನ ಅಥವಾ ಮರುದಿನ ಒಯ್ಯಿರಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ರೋಗಶಾಸ್ತ್ರ ವಿಭಾಗಗಳಿವೆ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ: "ಚಿಪ್ಪು ನನಗೆ ವಾಪಸು ಬೇಕು." ಆಮೆಯ ಒಳಗನ್ನು ನೋಡಲು, ಬೆನ್ನಿನ ಚಿಪ್ಪನ್ನೂ ಹೊಟ್ಟೆಯ ಚಿಪ್ಪನ್ನೂ ಕೂಡಿಸುವ ಎರಡು ಬದಿಯ ಸೇತುವೆಗಳನ್ನು ಗರಗಸದಿಂದ ಕೊಯ್ಯುತ್ತಾರೆ. ಗೊತ್ತಿದ್ದರೆ ನೇರವಾಗಿ, ತೆಳುವಾಗಿ ಕೊಯ್ಯುತ್ತಾರೆ, ಆಮೇಲೆ ಅಂಟಿಸಬಹುದು.

ವೈದ್ಯರು ಚುಚ್ಚುಮದ್ದು ಕೊಟ್ಟು ದಯಾಮರಣ ಮಾಡಿಸಿದ್ದರೆ ಯಾವ ಔಷಧಿ ಎಂದು ಬರೆಸಿಕೊಳ್ಳಿ. ಬಾರ್ಬಿಚುರೇಟ್ ಗುಂಪಿನ ಔಷಧಿ ಸೇರಿದ ದೇಹವನ್ನು ನಾಯಿ, ಹದ್ದು, ಮುಂಗುಸಿ ತಿಂದರೆ ಅವಕ್ಕೂ ಅಪಾಯ. ಅಂಥ ದೇಹಕ್ಕೆ ಸುಡುವುದೇ ಸರಿಯಾದ ದಾರಿ.

ಹಂತ 4: ಕಾನೂನು ಏನನ್ನುತ್ತದೆ

ಇಲ್ಲಿ ಎಡವುವವರೇ ಹೆಚ್ಚು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಜೀವಂತ ಪ್ರಾಣಿಗೆ ಮಾತ್ರ ಅನ್ವಯಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಕಾಯ್ದೆಯ ಭಾಷೆಯಲ್ಲಿ 'ಟ್ರೋಫಿ' ಎಂದರೆ ಪ್ರಾಣಿಯ ಇಡೀ ದೇಹ ಅಥವಾ ಅದರ ಯಾವುದೇ ಭಾಗವನ್ನು ಕೆಡದಂತೆ ಕಾಪಿಟ್ಟದ್ದು. ಚರ್ಮ, ಮೂಳೆ, ಚಿಪ್ಪು, ಒಳಗೆ ತುಂಬಿಸಿ ನಿಲ್ಲಿಸಿದ ದೇಹ ಎಲ್ಲವೂ ಇದರಲ್ಲಿ ಬರುತ್ತವೆ. 2023ರ ಅಕ್ಟೋಬರ್‌ನಲ್ಲಿ ಕೊರಳಿನ ಹುಲಿಯುಗುರಿನ ಪದಕ ಟಿವಿ ಸ್ಪರ್ಧಿಯೊಬ್ಬರನ್ನು ಜೈಲಿಗೆ ಒಯ್ದ ಸುದ್ದಿ ಕರ್ನಾಟಕದಲ್ಲಿ ಯಾರೂ ಮರೆತಿರಲಾರರು.

ನಮ್ಮ ದೇಶದ ಕಾಡುಪ್ರಾಣಿಗಳಾದ ನಕ್ಷತ್ರ ಆಮೆ, ಉಡ, ಹೆಬ್ಬಾವು, ನಾಗರಹಾವು ಇವನ್ನು ಸಾಕುವುದೇ ಅಪರಾಧ. ಸತ್ತ ಮೇಲೆ ಚಿಪ್ಪನ್ನೋ ಚರ್ಮವನ್ನೋ ಇಟ್ಟುಕೊಳ್ಳುವುದೂ ಅಪರಾಧ. "ಅಜ್ಜನ ಕಾಲದಿಂದ ಮನೆಯಲ್ಲಿತ್ತು" ಎಂಬ ಉತ್ತರ ನಡೆಯುವುದಿಲ್ಲ. ಅಂಥ ಪ್ರಾಣಿ ಮನೆಯಲ್ಲಿ ತೀರಿಕೊಂಡರೆ ಒಬ್ಬ ವಕೀಲರ ಜೊತೆ ಮಾತನಾಡಿ, ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. ಈ ಲೇಖನದ ಮುಂದಿನ ಹಂತಗಳು ಅವಕ್ಕಲ್ಲ.

ವಿದೇಶಿ ಜಾತಿಗಳ ವಿಷಯ ಬೇರೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಲಾಗಿದೆ. ಸೈಟಿಸ್ ಎಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡಲು ದೇಶಗಳು ಮಾಡಿಕೊಂಡಿರುವ ಒಪ್ಪಂದ. ಬಾಲ್ ಪೈಥಾನ್, ಹಸಿರು ಇಗ್ವಾನಾ ಎರಡೂ ಈ ಪಟ್ಟಿಯಲ್ಲಿವೆ. ಇಂಥವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹುಟ್ಟು, ಹಸ್ತಾಂತರ ಮಾತ್ರವಲ್ಲ, ಸಾವನ್ನೂ ವರದಿ ಮಾಡಬೇಕು. ಆದ್ದರಿಂದ ವೈದ್ಯರ ಚೀಟಿ, ಮರಣೋತ್ತರ ವರದಿ, ಫೋಟೊ ಎಲ್ಲವನ್ನೂ ಕೂಡಿಸಿಟ್ಟುಕೊಳ್ಳಿ.

ನೋಂದಾಯಿತ ಪ್ರಾಣಿಯ ಮೂಳೆಯನ್ನೋ ಚಿಪ್ಪನ್ನೋ ಉಳಿಸಿಕೊಳ್ಳುವ ಆಸೆಯಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಕರ್ನಾಟಕದಲ್ಲಿ ಇದು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಏನೇನು ಇಟ್ಟುಕೊಳ್ಳುತ್ತೀರಿ ಎಂಬುದನ್ನು, ಕಳಚಿದ ಪೊರೆಯನ್ನೂ ಸೇರಿಸಿ, ಪತ್ರದಲ್ಲಿ ನಮೂದಿಸಿ. ಉತ್ತರ ಬರುವ ತನಕ ದೇಹ ಫ್ರೀಜರಿನಲ್ಲಿರಲಿ. ಬಾಯಿಮಾತಿನ "ಪರವಾಗಿಲ್ಲ ಇಟ್ಕೊಳ್ಳಿ"ಗೆ ಬೆಲೆಯಿಲ್ಲ.

ಯಾವ ಜಾತಿಯದೇ ಇರಲಿ, ಚಿಪ್ಪನ್ನು ಮಾರಬೇಡಿ, ಕೇಳಿದವರಿಗೆ ಕೊಡಲೂ ಬೇಡಿ. ಆಮೆಯ ಚಿಪ್ಪು ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಎಂದು ನಂಬುವವರಿದ್ದಾರೆ. ಆ ನಂಬಿಕೆಯ ಬೆನ್ನಿಗೆ ಕಾಡಿನ ಆಮೆಗಳನ್ನು ಹಿಡಿಯುವ ಜಾಲವಿದೆ. ನೀವು ಪ್ರೀತಿಯಿಂದ ಉಳಿಸಿದ್ದು ಆ ಜಾಲಕ್ಕೆ ಸರಕಾಗಬಾರದು.

ಹಂತ 5: ಯಾವ ಪ್ರಾಣಿಗೆ ಯಾವ ದಾರಿ

'ಯಾವುದು ಹೆಚ್ಚು ಕಾಲ ಬಾಳುತ್ತದೆ' ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ, ದಿನವೂ ಕಣ್ಣಿಗೆ ಬೀಳಬೇಕಾದ್ದು ಏನು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಜಾಡಿಯೊಳಗೆ ಬಣ್ಣಗೆಟ್ಟು ತೇಲುವ ದೇಹವನ್ನು ದಿನಾ ನೋಡಲು ಎಲ್ಲರಿಂದಲೂ ಆಗುವುದಿಲ್ಲ.

ಆಮೆಗೆ ಚಿಪ್ಪು. ಮನೆಯಲ್ಲೇ ಮಾಡಬಹುದಾದ, ಸುಂದರವಾಗಿ ಉಳಿಯುವ ಕೆಲಸ. ಹಂತ 6 ಪೂರ್ತಿ ಇದಕ್ಕೇ ಮೀಸಲು.

ಇಗ್ವಾನಾದಂಥ ದೊಡ್ಡ ಹಲ್ಲಿಗೆ ತಲೆಬುರುಡೆ ಅಥವಾ ಇಡೀ ಅಸ್ಥಿಪಂಜರ. ಆಮೆಯ ವಿಧಾನವೇ ಸಾಕು, ತಾಳ್ಮೆ ಮಾತ್ರ ಎರಡು ಪಟ್ಟು ಬೇಕು. ಲೆಪರ್ಡ್ ಗೆಕ್ಕೊದಂಥ ಪುಟ್ಟ ಹಲ್ಲಿಯ ಮೂಳೆಗಳು ಈರುಳ್ಳಿ ಸಿಪ್ಪೆಯಷ್ಟು ತೆಳು, ಮನೆಯಲ್ಲಿ ಮಾಡಿದರೆ ಉಳಿಯುವುದಿಲ್ಲ. ಪಾದದಚ್ಚು ತೆಗೆದು ಹೂಳುವುದು ಮೇಲು.

ಹಾವಿನ ಅಸ್ಥಿಪಂಜರಕ್ಕೆ ಕೈಹಾಕಬೇಡಿ ಎನ್ನುತ್ತೇನೆ. ಬೆನ್ನುಮೂಳೆಯ ಮಣಿಗಳೇ ನೂರಾರು, ಬಹುಪಾಲು ಮಣಿಗಳಿಗೆ ಒಂದೊಂದು ಜೊತೆ ಪಕ್ಕೆಲುಬು. ಒಮ್ಮೆ ಕಲಸಿಹೋದರೆ ಮತ್ತೆ ಸಾಲಾಗಿ ಜೋಡಿಸುವುದು ಪರಿಣತರಿಗೂ ಕಷ್ಟ. ತಲೆಬುರುಡೆಯೂ ಒಂದೇ ಗಟ್ಟಿ ಮೂಳೆಯಲ್ಲ. ದೊಡ್ಡ ಬೇಟೆ ನುಂಗಲು ಅನುವಾಗುವಂತೆ ಬಿಡಿಬಿಡಿ ಮೂಳೆಗಳು ಕೂಡಿ ಆದದ್ದು, ಮಾಂಸ ಹೋದೊಡನೆ ಉದುರುತ್ತದೆ. ಹಾವು ಸಾಕಿದವರಿಗೆ ಅದು ಬದುಕಿದ್ದಾಗಲೇ ಕೊಟ್ಟುಹೋದ ಕಾಣಿಕೆಯೊಂದಿದೆ: ಪೊರೆ. ಕೊನೆಯ ಬಾರಿ ಕಳಚಿದ ಪೊರೆ ಸಿಕ್ಕರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಸಿ, ಗಾಜಿನ ಮೇಲೆ ಬಿಡಿಸಿ ಹರಡಿ, ನೆರಳಲ್ಲಿ ಒಣಗಿಸಿ ಚೌಕಟ್ಟಿಗೆ ಹಾಕಿಸಿ. ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಹಾವಿಗೆ ಕಣ್ಣುರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿದ ಪಾರದರ್ಶಕ ಪೊರೆಯೂ ಪ್ರತಿ ಸಲ ಕಳಚಿ ಬರುತ್ತದೆ. ಸಣ್ಣ ಗಾಜಿನ ಬಟ್ಟಲಿನಂಥ ಆ ಎರಡು ವೃತ್ತಗಳ ಮೂಲಕವೇ ನಿಮ್ಮ ಹಾವು ನಿಮ್ಮನ್ನು ನೋಡುತ್ತಿದ್ದದ್ದು. ನನಗೆ ಯಾವ ಜಾಡಿ, ಯಾವ ಮೂಳೆಗಿಂತಲೂ ಇದು ಹೆಚ್ಚು. ಹಾವು ಇನ್ನೂ ಬದುಕಿರುವವರು ಇಂದಿನಿಂದಲೇ ಒಂದೆರಡು ಒಳ್ಳೆಯ ಪೊರೆಗಳನ್ನು ಎತ್ತಿಡಿ.

ಹಂತ 6: ಆಮೆಯ ಚಿಪ್ಪು, ಮೊದಲಿನಿಂದ ಕೊನೆಯವರೆಗೆ

ತೆಂಗಿನಚಿಪ್ಪಿನಿಂದ ಕೊಬ್ಬರಿ ಬಿಡಿಸಿದಂತೆ ಆಮೆಯನ್ನು ಚಿಪ್ಪಿನಿಂದ ಬಿಡಿಸಬಹುದು ಎಂದುಕೊಳ್ಳಬೇಡಿ. ಅದರ ಬೆನ್ನುಮೂಳೆ, ಪಕ್ಕೆಲುಬುಗಳೇ ಅಗಲವಾಗಿ ಬೆಸೆದು ಚಿಪ್ಪಾಗಿವೆ. ಮೇಲೆ ಕಾಣುವ ಬಣ್ಣದ ಫಲಕಗಳು ನಮ್ಮ ಉಗುರಿನಂಥ ಕೆರಟಿನ್‌ನಿಂದ ಆದವು. ಕೆಂಪುಗಿವಿಯ ಆಮೆಯ ಬೆನ್ನ ಮೇಲೆ 13 ದೊಡ್ಡ ಫಲಕಗಳು, ಅಂಚಿನ ಸುತ್ತ ಚಿಕ್ಕವು 25, ಹೊಟ್ಟೆಯ ಕಡೆ 12. ಫಲಕಗಳ ಗೆರೆಯೂ ಕೆಳಗಿನ ಮೂಳೆಗಳ ಬೆಸುಗೆಯ ಗೆರೆಯೂ ಒಂದರ ಮೇಲೊಂದು ಬರುವುದಿಲ್ಲ. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದುಗಳನ್ನು ತಪ್ಪಿಸುವಂತೆ ಇದೆ ಆ ಜೋಡಣೆ. ಚಿಪ್ಪಿನ ಗಟ್ಟಿತನಕ್ಕೆ ಇದೂ ಒಂದು ಕಾರಣ.

ಬೇಕಾದ ಸಾಮಾನು: ಹಳೆಯ ದೊಡ್ಡ ಕುಂಡ, ತೋಟದ ಮಣ್ಣು, ನೈಲಾನ್ ಸೊಳ್ಳೆಪರದೆಯ ತುಂಡು, ಕೈಗವಸು, ಹಳೆಯ ಹಲ್ಲುಜ್ಜುವ ಬ್ರಷ್, ಮುಚ್ಚಳವಿರುವ ಬಕೆಟ್, ಪಾತ್ರೆ ತೊಳೆಯುವ ದ್ರವ, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ಫೆವಿಕಾಲ್.

1. ಫ್ರೀಜರಿನಲ್ಲಿದ್ದ ದೇಹವನ್ನು ಡಬ್ಬಿಯ ಸಮೇತ ಫ್ರಿಜ್ಜಿನ ಕೆಳಗೆ ಒಂದು ದಿನ ಇಟ್ಟು ಕರಗಿಸಿ. ಕೊಯ್ಯುವ ಧೈರ್ಯ ಇಲ್ಲದಿದ್ದರೆ ಕೊಯ್ಯಬೇಡಿ. ಇಡೀ ದೇಹವನ್ನೇ ಮಣ್ಣಿಗೆ ಒಪ್ಪಿಸಬಹುದು.

2. ಸೊಳ್ಳೆಪರದೆಯಲ್ಲಿ ಎರಡು ಸುತ್ತು ಸುತ್ತಿ, ನೈಲಾನ್ ದಾರದಿಂದ ಕಟ್ಟಿ. ಹತ್ತಿಬಟ್ಟೆ ಬೇಡ, ದೇಹಕ್ಕಿಂತ ಮೊದಲು ಅದೇ ಕರಗುತ್ತದೆ. ಬೆರಳಿನ ಮೂಳೆಗಳು ಬಹಳ ಚಿಕ್ಕವು, ಪರದೆ ಇಲ್ಲದಿದ್ದರೆ ಮಣ್ಣಿನಲ್ಲಿ ಕಳೆದುಹೋಗುತ್ತವೆ.

3. ಕುಂಡದ ತಳದಲ್ಲಿ ಅರ್ಧ ಅಡಿ ಮಣ್ಣು, ಮೇಲೆ ದೇಹ, ಅದರ ಮೇಲೆ ಒಂದಡಿ ಮಣ್ಣು. ಮೇಲೊಂದು ಚಪ್ಪಡಿ ಕಲ್ಲು ಹೇರಿ. ನಾಯಿಗಿಂತ ಹೆಗ್ಗಣದ ಕಾಟ ಹೆಚ್ಚು. ಮಣ್ಣು ಹಸಿಯಾಗಿರಬೇಕು, ಕೆಸರಾಗಬಾರದು. ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು.

4. ಆರರಿಂದ ಎಂಟು ತಿಂಗಳು ಕಾಯಿರಿ. ಚಳಿಗಾಲ ನಡುವೆ ಬಂದರೆ ಇನ್ನೆರಡು ತಿಂಗಳು. ನಡುವೆ ಕೆದಕಿ ನೋಡುವ ಚಪಲ ಬೇಡ.

5. ಹೊರತೆಗೆದು, ಪರದೆಯನ್ನು ಬಟ್ಟಲಿನೊಳಗೆ ಬಿಚ್ಚಿ. ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು ಮೂಳೆ ಆರಿಸಿ. ಬಣ್ಣದ ಫಲಕಗಳು ಈ ಹೊತ್ತಿಗೆ ಕಳಚಿರುತ್ತವೆ ಅಥವಾ ಬೆರಳು ತಾಗಿದರೆ ಕಳಚುತ್ತವೆ. ಗಾಬರಿ ಬೇಡ. ಹಂತ 2ರಲ್ಲಿ ಉಜ್ಜಿ ತೆಗೆದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದರ ಒಳಬದಿಗೂ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ಫಲಕಗಳನ್ನು ದಪ್ಪ ಪುಸ್ತಕದ ಕೆಳಗಿಟ್ಟು ಒಣಗಿಸಿ, ಇಲ್ಲದಿದ್ದರೆ ಒಣಮೆಣಸಿನಕಾಯಿಯಂತೆ ಸುರುಟಿಕೊಳ್ಳುತ್ತವೆ.

6. ಮೂಳೆಯ ಚಿಪ್ಪನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರ ನೆನೆಸಿ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಮೂಳೆಯೊಳಗಿನ ಕೊಬ್ಬು ಹೊರಬರುವುದು ಈ ಹಂತದಲ್ಲಿ. ಇದನ್ನು ಬಿಟ್ಟರೆ ವರ್ಷದೊಳಗೆ ಚಿಪ್ಪಿನ ಮೇಲೆ ಹಳದಿ ಜಿಡ್ಡು ಒಸರುತ್ತದೆ, ವಾಸನೆ ಬರುತ್ತದೆ, ಹುಳು ಬೀಳುತ್ತದೆ.

7. ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದೆರಡು ದಿನ ಮುಳುಗಿಸಿಡಿ. ಅಂಗಡಿಯಲ್ಲಿ ಶೇಕಡಾ 6ರದ್ದು ಸಿಕ್ಕರೆ ಸಮಪಾಲು ನೀರು ಬೆರೆಸಿ. ಪಾತ್ರೆಯ ಮುಚ್ಚಳ ಬಿಗಿ ಮಾಡಬೇಡಿ, ಅನಿಲ ತುಂಬಿ ಸಿಡಿಯಬಹುದು. ಮಣ್ಣಿನ ಕಂದು ಬಣ್ಣ ಪೂರ್ತಿ ಹೋಗದಿದ್ದರೂ ಇರಲಿ ಬಿಡಿ. ಹಾಲುಬಿಳುಪು ಮಾಡಲು ಹೊರಟವರೇ ಮೂಳೆ ಕೆಡಿಸಿಕೊಳ್ಳುವುದು. ಫಲಕಗಳನ್ನು ಮಾತ್ರ ಇದಕ್ಕೆ ಹಾಕಬೇಡಿ, ಬಣ್ಣ ಬಿಡುತ್ತವೆ.

8. ನೆರಳಿನಲ್ಲಿ ಒಂದು ವಾರ ಒಣಗಿಸಿ. ಚಿಕ್ಕ ವಯಸ್ಸಿನ ಆಮೆಯಾದರೆ ಮೂಳೆಗಳು ಬೆಸುಗೆ ಬಿಟ್ಟು ತುಂಡುತುಂಡಾಗಿರುತ್ತವೆ. ಅಂಚುಗಳು ಹಲ್ಲುಹಲ್ಲಾಗಿರುವುದರಿಂದ ಸರಿಯಾದ ತುಂಡಿಗೆ ಸರಿಯಾದ ತುಂಡು ಮಾತ್ರ ಕೂರುತ್ತದೆ. ಫೆವಿಕಾಲಿನಿಂದ ಅಂಟಿಸಿ. ತಪ್ಪಾದರೆ ನೀರಿನಲ್ಲಿ ನೆನೆಸಿ ಬಿಡಿಸಬಹುದು. ಕ್ಷಣದಲ್ಲಿ ಹಿಡಿಯುವ ಅಂಟಿಗೆ ಆ ಕ್ಷಮೆಯಿಲ್ಲ. ಕೊನೆಗೆ ಫಲಕಗಳನ್ನು ಸಂಖ್ಯೆಯ ಪ್ರಕಾರ ಮೇಲೆ ಕೂರಿಸಿ.

ಮಣ್ಣಿನ ಬದಲು ನೀರಿನಲ್ಲಿ ಕೊಳೆಸುವ ವಿಧಾನವೂ ಇದೆ. ಮುಚ್ಚಿದ ಬಕೆಟ್ಟಿನ ನೀರಿನಲ್ಲಿ ಮೂರರಿಂದ ಆರು ವಾರಗಳಲ್ಲಿ ಕೆಲಸ ಮುಗಿಯುತ್ತದೆ, ಮೂಳೆಯೂ ಹೆಚ್ಚು ಬಿಳುಪಾಗಿರುತ್ತದೆ. ಆದರೆ ಮುಚ್ಚಳ ತೆರೆದಾಗಿನ ದುರ್ನಾತ ನಾಲ್ಕು ಮನೆಗೆ ಹರಡುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದಕ್ಕೆ ಜಾಗವಿಲ್ಲ. ಊರಿನಲ್ಲಿ ತೋಟವಿದ್ದವರು ಮಾಡಬಹುದು.

ಈಗ ಮಾಡಲೇಬಾರದ ನಾಲ್ಕು ತಪ್ಪುಗಳು. ಕುದಿಸಬೇಡಿ: ಕೊಬ್ಬು ಮೂಳೆಯ ಒಳಕ್ಕೆ ಇಳಿಯುತ್ತದೆ, ತೆಳು ಮೂಳೆ ಸೊಟ್ಟಗಾಗುತ್ತದೆ. ನನ್ನ ಮೊದಲ ಆಮೆಯ ಚಿಪ್ಪನ್ನು ಯಾರದೋ ಮಾತು ಕೇಳಿ ಕುದಿಸಿದೆ. ಅಂಚಿನ ಮೂಳೆಗಳು ಮತ್ತೆ ಒಂದಕ್ಕೊಂದು ಕೂರಲೇ ಇಲ್ಲ, ಇಂದಿಗೂ ಆ ನೋವಿದೆ. ಬಟ್ಟೆಗೆ ಹಾಕುವ ಬ್ಲೀಚ್ ಮುಟ್ಟಿಸಬೇಡಿ: ಇಂದು ಬೆಳ್ಳಗೆ ಕಾಣುವ ಮೂಳೆ ಕೆಲವು ವರ್ಷಗಳಲ್ಲಿ ಸೀಮೆಸುಣ್ಣದಂತೆ ಉದುರುತ್ತದೆ. ಬೇಗ ಕರಗಲಿ ಎಂದು ಉಪ್ಪು, ಸುಣ್ಣ ಸುರಿಯಬೇಡಿ: ಎರಡೂ ಕೊಳೆಯುವುದನ್ನು ನಿಧಾನಿಸುತ್ತವೆ. ಬಿಸಿಲಿಗೆ ಒಣಗಿಸಬೇಡಿ, ಚಿಪ್ಪು ಬಿರಿಯುತ್ತದೆ.

ಹಂತ 7: ಜಾಡಿಯಲ್ಲಿ ಇಡುವುದಾದರೆ

ಕಾಲೇಜಿನ ಪ್ರಯೋಗಾಲಯದಲ್ಲಿ ಕಂಡ ಜಾಡಿಗಳು ನೆನಪಿರಬಹುದು. ದೇಹವನ್ನು ಮೊದಲು ಫಾರ್ಮಲಿನ್‌ನಲ್ಲಿ ಗಟ್ಟಿಗೊಳಿಸಿ, ಆಮೇಲೆ ನೀರಿನಲ್ಲಿ ತೊಳೆದು, ಶೇಕಡಾ 70ರ ಆಲ್ಕೋಹಾಲಿಗೆ ಹಂತಹಂತವಾಗಿ ವರ್ಗಾಯಿಸುತ್ತಾರೆ. ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿದ ನೀರು. ಒಂದು ಪಾಲು ಗಟ್ಟಿ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಬಳಸುವುದು ವಾಡಿಕೆ. ದೇಹದೊಳಕ್ಕೆ ಸೂಜಿಯಿಂದ ಏರಿಸದಿದ್ದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ.

ಇದನ್ನು ಮನೆಯಲ್ಲಿ ಮಾಡಬೇಡಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಗಾಳಿ ಸೆಳೆಯುವ ಕಪಾಟಿಲ್ಲದ ಕೋಣೆಯಲ್ಲಿ ಬಾಟಲಿ ತೆರೆದರೆ ಕಣ್ಣು, ಗಂಟಲು ಉರಿಯುತ್ತವೆ. ಪಶುವೈದ್ಯಕೀಯ ಕಾಲೇಜನ್ನೋ ಪ್ರಾಣಿಶಾಸ್ತ್ರ ವಿಭಾಗವನ್ನೋ ಕೇಳಿ. ಮಾಡಿಕೊಟ್ಟರೆ ಸರಿ. ಇನ್ನೂ ಒಳ್ಳೆಯದು, ಅವರಿಗೇ ದಾನ ಕೊಡುವುದು. ಎಷ್ಟೋ ವಿದ್ಯಾರ್ಥಿಗಳು ಅದನ್ನು ನೋಡಿ ಕಲಿಯುತ್ತಾರೆ.

ಬಣ್ಣ ಉಳಿಯುತ್ತದೆ ಎಂಬ ಆಸೆಯಂತೂ ಬೇಡ. ಹಸಿರು ಚರ್ಮದಲ್ಲಿನ ಹಳದಿ ವರ್ಣ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ, ಹಸಿರಾಗಿದ್ದದ್ದು ನೀಲಿಗೆ ತಿರುಗಿ ಕೊನೆಗೆ ಬೂದಿಯಾಗುತ್ತದೆ. ಸಿದ್ಧ ಜಾಡಿಯೊಂದು ನಿಮ್ಮ ಬಳಿ ಇದ್ದರೆ ಬಿಸಿಲು, ಬೆಂಕಿಯಿಂದ ದೂರವಿಡಿ, ಆರು ತಿಂಗಳಿಗೊಮ್ಮೆ ದ್ರವದ ಮಟ್ಟ ನೋಡಿ.

ಹಂತ 8: ಜೀವಂತವಾಗಿರುವಂತೆ ನಿಲ್ಲಿಸುವುದು

ಚರ್ಮ ಸುಲಿದು, ಹದಮಾಡಿ, ಅಚ್ಚಿನ ಮೇಲೆ ಹೊದಿಸಿ ನಿಲ್ಲಿಸುವ ಕಲೆಯಲ್ಲಿ ಮೈಸೂರಿಗೆ ದೊಡ್ಡ ಹೆಸರಿತ್ತು. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯಿಂದ ಹೋದ ಹುಲಿ, ಚಿರತೆಗಳು ಇಂದಿಗೂ ದೇಶವಿದೇಶದ ಅರಮನೆ, ಸಂಗ್ರಹಾಲಯಗಳಲ್ಲಿ ನಿಂತಿವೆ. ಆ ಕಾರ್ಖಾನೆ ಮುಚ್ಚಿ ದಶಕಗಳಾದವು. ಈಗ ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಕೇಂದ್ರವೊಂದಿದೆ. ಈ ವೃತ್ತಿಗೆ ಕಾಯ್ದೆಯ ಅಡಿ ಪರವಾನಗಿ ಬೇಕು, ಆದ್ದರಿಂದ "ನಾನು ಮನೆಯಲ್ಲೇ ಮಾಡಿಕೊಡುತ್ತೇನೆ" ಎನ್ನುವವರ ಕೈಗೆ ದೇಹ ಕೊಡಬೇಡಿ.

ಸರೀಸೃಪಕ್ಕೆ ಈ ವಿಧಾನವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ತುಪ್ಪಳ ಇರುವ ಪ್ರಾಣಿಯಲ್ಲಿ ಹೊಲಿಗೆ, ಸುಕ್ಕು ಮರೆಯಾಗುತ್ತವೆ. ಹುರುಪೆಯ ಚರ್ಮದಲ್ಲಿ ಪ್ರತಿ ತಪ್ಪೂ ಎದ್ದು ಕಾಣುತ್ತದೆ, ಬಣ್ಣವನ್ನು ಕೈಯಿಂದಲೇ ಬಳಿಯಬೇಕು. ಕೊನೆಗೆ ಎದುರಿಗಿರುವುದು ನಿಮ್ಮ ಪ್ರಾಣಿಯಂತೆ ಕಾಣದೆ ಹೋದರೆ ಅದು ಎರಡನೇ ಸಾವು.

ಹಂತ 9: ಹೂಳುವುದು, ಸುಡುವುದು

ಏನನ್ನೂ ಉಳಿಸಿಕೊಳ್ಳದೆ ಕಳುಹಿಸಿಕೊಡುವುದೂ ಪೂರ್ಣವಾದ ದಾರಿಯೇ. ಸ್ವಂತ ಜಾಗವಿದ್ದರೆ ಮೂರಡಿ ಆಳ ತೋಡಿ, ಬಾವಿ, ಬೋರ್‌ವೆಲ್, ಕೆರೆಯಿಂದ ದೂರ ಹೂಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೂಳಬೇಡಿ. 'ನೀರಿನ ಪ್ರಾಣಿ ನೀರಿಗೇ ಸೇರಲಿ' ಎಂದು ಕೆರೆಗೆ, ದೇವಸ್ಥಾನದ ಕಲ್ಯಾಣಿಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಆಮೆಯ ಸೋಂಕು ಅಲ್ಲಿರುವ ಆಮೆಗಳಿಗೆ ತಗಲಬಹುದು.

ಸಾಕುಪ್ರಾಣಿಗಳ ಚಿತಾಗಾರದಲ್ಲಿ ಸುಡಿಸುವುದಾದರೆ ಎರಡು ವಿಷಯ ಮೊದಲೇ ಮಾತಾಡಿ. ಬೇರೆ ಪ್ರಾಣಿಗಳ ಜೊತೆ ಸೇರಿಸದೆ ಒಂಟಿಯಾಗಿ ಸುಡಬೇಕು, ಸಣ್ಣ ಲೋಹದ ತಟ್ಟೆಯಲ್ಲಿಟ್ಟು ಸುಡಬೇಕು. ನಾಯಿಯ ಗಾತ್ರಕ್ಕೆ ಕಟ್ಟಿದ ಒಲೆಯಲ್ಲಿ ಹಾವಿನ ಮೂಳೆಯ ಬೂದಿ ಗಾಳಿಯ ರಭಸಕ್ಕೆ ಹಾರಿಹೋಗುತ್ತದೆ. ಗೆಕ್ಕೊದ ಬೂದಿ ಚಿಟಿಕೆಯಷ್ಟು ಸಿಕ್ಕರೆ ಹೆಚ್ಚು.

ಹಂತ 10: ಉಳಿಸಿಕೊಂಡದ್ದನ್ನು ಕಾಪಾಡುವುದು

ಚಿಪ್ಪು, ಮೂಳೆ, ಪೊರೆ ಯಾವುದೇ ಇರಲಿ, ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಮಲೆನಾಡು, ಕರಾವಳಿಯವರು ತೇವ ಹೀರುವ ಸಿಲಿ‌ಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಇಲ್ಲದಿದ್ದರೆ ಫಲಕಗಳ ಕೆಳಗೆ ಬೂಸ್ಟು ಬರುತ್ತದೆ. ಉಣ್ಣೆ, ಚರ್ಮ ತಿನ್ನುವ ಪುಟ್ಟ ಕಂದು ಜೀರುಂಡೆಗಳು ಕೆರಟಿನ್ನನ್ನೂ ಬಿಡುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಮರದ ಹೊಟ್ಟಿನಂಥ ಪುಡಿ ಕಂಡರೆ ಎಲ್ಲವನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ, ಹುಳುವೂ ಮೊಟ್ಟೆಯೂ ಸಾಯುತ್ತವೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಸೈಟಿಸ್ ನಿಯಮ ಸತ್ತ ಪ್ರಾಣಿಗೂ, ಅದರ ಭಾಗಗಳಿಗೂ ಅನ್ವಯಿಸುತ್ತದೆ. ಅಲ್ಲಿ ಕಾನೂನುಬದ್ಧವಾಗಿ ಸಾಕಿದ ಹಾವಿನ ಅಸ್ಥಿಪಂಜರವನ್ನು ಊರಿಗೆ ಮರಳುವಾಗ ಸೂಟ್‌ಕೇಸಿನಲ್ಲಿ ತಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ವಶಪಡಿಸಿಕೊಳ್ಳಬಹುದು, ಮೊಕದ್ದಮೆಯೂ ಆಗಬಹುದು. ಎರಡೂ ದೇಶಗಳ ಅನುಮತಿಪತ್ರ ಕೈಗೆ ಬಂದ ಮೇಲೆಯೇ ತನ್ನಿ. ಅದು ಆಗದಿದ್ದರೆ ಫೋಟೊಗಳನ್ನು ಮಾತ್ರ ತನ್ನಿ, ಉಳಿದದ್ದನ್ನು ಅಲ್ಲಿಯೇ ನಂಬಿಕೆಯ ಗೆಳೆಯರಿಗೋ ಶಾಲೆಗೋ ಕೊಟ್ಟುಬನ್ನಿ.

ಒಂದು ದಪ್ಪ ಕಾಗದದ ಚೀಟಿಯಲ್ಲಿ ಪ್ರಾಣಿಯ ಹೆಸರು, ಜಾತಿ, ನಿಮ್ಮ ಮನೆಗೆ ಬಂದ ವರ್ಷ, ತೀರಿಕೊಂಡ ದಿನ ಇಷ್ಟನ್ನು ಪೆನ್ಸಿಲಿನಿಂದ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಟಿಯನ್ನೂ ಅನುಮತಿಪತ್ರದ ಪ್ರತಿಯನ್ನೂ ಪೆಟ್ಟಿಗೆಯೊಳಗೇ ಇಡಿ. ನಾಳೆ ಮನೆ ಬದಲಿಸುವಾಗ ಆ ಪೆಟ್ಟಿಗೆ ಯಾರ ಕೈಗೆ ಸಿಕ್ಕರೂ ಒಳಗಿರುವುದು ಯಾರು ಎಂದು ಅವರಿಗೆ ತಿಳಿಯುತ್ತದೆ.